ಇರುವ ಮನೆಯೊಂದಿಗೆ 11 ತಿಂಗಳ ಒಪ್ಪಂದ

ಚಿತ್ರದುರ್ಗದಲ್ಲಿ ಬಾಡಿಗೆಗೆ ಮನೆ ಹಿಡಿಯುವವರು ಸಹಿ ಹಾಕುವ ಕರಾರುಪತ್ರ ಬಹುಮಟ್ಟಿಗೆ 11 ತಿಂಗಳದ್ದಾಗಿರುತ್ತದೆ. ಒಂದು ವರ್ಷವನ್ನು ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ, ಆ ಖರ್ಚೂ ಓಡಾಟವೂ ಬೇಡವೆಂದು ಮಾಲೀಕರು ಮತ್ತು ಬಾಡಿಗೆದಾರರು ಸೇರಿ ರೂಢಿಸಿಕೊಂಡ ಅವಧಿ ಇದು. ಕಾಗದಕ್ಕೆ ಹೀಗೆ ಸಹಿ ಬಿದ್ದರೂ ಮನಸ್ಸು ಮಾತ್ರ ಆ ಮನೆಯನ್ನು ಒಪ್ಪಿಕೊಂಡಿರುವುದಿಲ್ಲ. ಸಾಮಾನು ಇಳಿಸಿದ ವಾರದಲ್ಲೇ ಬೇರೆ ಮನೆಯ ವಿಚಾರಣೆ ಆರಂಭವಾಗುತ್ತದೆ. ಒಂದೆರಡು ರಟ್ಟಿನ ಪೆಟ್ಟಿಗೆಗಳು ಬಿಚ್ಚದೆ ಅಟ್ಟ ಸೇರುತ್ತವೆ. ಕನ್ನಡಿ ತೂಗುಹಾಕಲು ಒಂದು ಮೊಳೆ ಹೊಡೆಯುವ ಕೆಲಸವನ್ನೂ "ಹೇಗೂ ಬಿಟ್ಟುಹೋಗುವ ಮನೆ" ಎಂದು ಮುಂದೂಡಲಾಗುತ್ತದೆ. ಕರಾರು ಎಂಟು ಹತ್ತು ಸಲ ನವೀಕರಣಗೊಂಡು, ಮಗು ಅಂಗನವಾಡಿಯಿಂದ ಹೈಸ್ಕೂಲಿಗೆ ಬಂದರೂ ಆ ಪೆಟ್ಟಿಗೆಗಳು ಅಲ್ಲೇ ಇರುತ್ತವೆ. ಸ್ವಂತ ಮನೆಯವರ ಪಾಡೂ ಬೇರೆಯಲ್ಲ. ಅಣ್ಣತಮ್ಮಂದಿರ ಭಾಗದಲ್ಲಿ ಬಂದ ಅರ್ಧ ಮನೆ, ಸಾಲ ತೀರುವ ತನಕ ಗಿಲಾವು ಕಾಣದ ಮೇಲಂತಸ್ತು, ಇಬ್ಬರಿಗೆಂದು ಕಟ್ಟಿ ಆರು ಮಂದಿ ಇರಬೇಕಾಗಿ ಬಂದ ಮನೆ, ಇವೆಲ್ಲವೂ "ಮುಂದೆ ಸರಿಹೋದ ಮೇಲೆ ನೋಡೋಣ" ಎಂಬ ಮಾತಿನ ಕೆಳಗೇ ವರ್ಷಗಳನ್ನು ಕಳೆಯುತ್ತವೆ.

ಈ ಬರಹದ ಸಲಹೆ ಇಷ್ಟೇ: ಮನೆಯ ಬಗೆಗಿನ ಸಕಾರಾತ್ಮಕ ನೋಟವನ್ನು ತಾನಾಗಿಯೇ ಬಂದು ಹೋಗುವ ಭಾವವೆಂದು ಕಾಯುವ ಬದಲು, ಅವಧಿ ಮತ್ತು ಷರತ್ತುಗಳಿರುವ ಒಂದು ನಿರ್ಧಾರವಾಗಿ ತೆಗೆದುಕೊಳ್ಳಿ. ಮುಂದಿನ 11 ತಿಂಗಳು ಈ ಮನೆಯೇ ನನ್ನ ಮನೆ, ಈ ಅವಧಿಯಲ್ಲಿ ಬೇರೆ ಮನೆ ಹುಡುಕುವುದಿಲ್ಲ, ಫೋನಿನಲ್ಲಿ ಮನೆಗಳ ಜಾಹೀರಾತು ತಿರುವಿಹಾಕುವುದಿಲ್ಲ, ಈ ಮನೆಯನ್ನು ಅರಿಯಲು ಮತ್ತು ನನ್ನ ಕೈಲಾದಷ್ಟು ಸರಿಪಡಿಸಲು ಆ ಸಮಯವನ್ನು ಬಳಸುತ್ತೇನೆ ಎಂದು ಒಂದು ಹಾಳೆಯಲ್ಲಿ ಬರೆದು ದಿನಾಂಕ ಹಾಕಿ. ಸ್ವಂತ ಮನೆಯವರೂ ಇದೇ ಅವಧಿಯನ್ನು ಇಟ್ಟುಕೊಳ್ಳಬಹುದು. ಕೊನೆ ದಿನಾಂಕವಿರುವ ತೊಂದರೆಯನ್ನು ಮನಸ್ಸು ಸಹಿಸುವ ರೀತಿಯೇ ಬೇರೆ. ಅಷ್ಟೇ ಮುಖ್ಯವಾದ ಇನ್ನೊಂದು ಲಾಭವೆಂದರೆ, "ಇರುವುದೋ ಬಿಡುವುದೋ" ಎಂಬ ಪ್ರಶ್ನೆ ಪ್ರತಿದಿನ ಸಂಜೆ ಎದ್ದು ಕೂರುವುದು ನಿಲ್ಲುತ್ತದೆ.

ಮೊದಲು ಮಾಡಬೇಕಾದ ಜರಡಿ

ಒಪ್ಪಂದಕ್ಕೆ ಮುನ್ನ ಒಂದು ಕೆಲಸವಿದೆ. ಒಳ್ಳೆಯದನ್ನೇ ನೋಡು ಎಂಬ ಉಪದೇಶ ನಮ್ಮಲ್ಲಿ ಅನೇಕ ಸಲ ಬಾಯಿ ಮುಚ್ಚಿಸುವ ಉಪಾಯವಾಗಿ ಬಳಕೆಯಾಗುವುದುಂಟು. ಅದನ್ನು ಹೇಳುವವರು ಸಾಮಾನ್ಯವಾಗಿ ಆ ಮನೆಯಲ್ಲಿ ಇರುವವರಾಗಿರುವುದಿಲ್ಲ. ಆದ್ದರಿಂದ ನಿಮ್ಮ ಮನೆಯ ದೂರುಗಳನ್ನೆಲ್ಲ ಬರೆದು, ಅವುಗಳಲ್ಲಿ ಯಾವುದು ದೃಷ್ಟಿಕೋನದ ವಿಷಯವೇ ಅಲ್ಲವೆಂಬುದನ್ನು ಮೊದಲು ಬೇರ್ಪಡಿಸಿ.

ನೀರು ಅಂಥದ್ದರಲ್ಲಿ ಒಂದು. ಚಿತ್ರದುರ್ಗ ಜಿಲ್ಲೆಯ ಅನೇಕ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ ಎಂಬುದು ಇಲ್ಲಿನವರಿಗೆ ಹಳೆಯ ಸಂಗತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕೆಂದೂ, ಬೇರೆ ಮೂಲವೇ ಇಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ಹೇಳುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದರ ಪ್ರಮಾಣ ಹೆಚ್ಚೇ ಆಗುತ್ತದೆ. ಮನೆಯ ಬೋರ್‌ವೆಲ್ ನೀರನ್ನೇ ಕುಡಿಯುವವರು ಅದನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ಕುಡಿಯಲು ಮತ್ತು ಅಡುಗೆಗೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಬೇಕು. ಗೀಸರ್ ಮುಟ್ಟಿದರೆ ಜುಮ್ಮೆನ್ನುವ ಸ್ನಾನದ ಮನೆಯೂ ಇದೇ ಗುಂಪಿಗೆ ಸೇರಿದ್ದು. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರೀಷಿಯನ್‌ನಿಂದ ನೋಡಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು) ಹಾಕಿಸುವ ತನಕ ಆ ಮನೆಯಲ್ಲಿ ಯಾವ ಒಳ್ಳೆಯದನ್ನೂ ಹುಡುಕಬೇಕಾಗಿಲ್ಲ. ಅಗಲವಾಗುತ್ತಲೇ ಇರುವ ಬಿರುಕು, ಕಬ್ಬಿಣ ಹೊರಬಂದ ತಾರಸಿ, ಉಬ್ಬಸದ ಮಗುವಿರುವ ಮನೆಗೆ ನುಗ್ಗುವ ಹೊಗೆ, ಇವೆಲ್ಲಕ್ಕೂ ದುರಸ್ತಿ ಅಥವಾ ಬೇರೆ ಮನೆಯೇ ಉತ್ತರ.

ಮನೆಯೊಳಗಿನ ಮನುಷ್ಯನೇ ಅಪಾಯವಾಗಿದ್ದರಂತೂ ಈ ಬರಹವನ್ನು ಇಲ್ಲಿಗೇ ಬಿಟ್ಟು ಮಹಿಳಾ ಸಹಾಯವಾಣಿ 181ಕ್ಕೆ, ತುರ್ತಾದರೆ 112ಕ್ಕೆ ಕರೆ ಮಾಡಿ. ಹೊಡೆತ ತಿನ್ನುವವರಿಗೆ ಹೊಂದಾಣಿಕೆಯ ಪಾಠ ಹೇಳುವುದು ಅನ್ಯಾಯ. ಇನ್ನು, ಯಾವ ಮನೆಯಾದರೂ ಅಷ್ಟೇ ಎಂಬ ಬೇಸರ, ನಿದ್ದೆ ಮತ್ತು ಊಟ ಕೆಟ್ಟಿರುವುದು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರ ಮೀರಿ ಮುಂದುವರಿದಿದ್ದರೆ ತೊಂದರೆ ಗೋಡೆಗಳಲ್ಲಿ ಇಲ್ಲದಿರಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಹೀಗೆ ಜರಡಿ ಹಿಡಿದ ಮೇಲೆ ಉಳಿಯುವ ದೂರುಗಳೇ ಈ ಒಪ್ಪಂದಕ್ಕೆ ಸೇರಿದವು: ಚಿಕ್ಕದು, ಹಳೆಯದು, ಬಿಸಿಲು, ಧೂಳು, ನೀರಿನ ಸರದಿ, ಪಕ್ಕದವರ ಟಿವಿ, ಗಾಡಿ ನಿಲ್ಲಿಸಲು ಜಾಗವಿಲ್ಲದಿರುವುದು, ನೆಂಟರ ಮುಂದಿನ ಸಂಕೋಚ. ಪಟ್ಟಿಯ ಉದ್ದ ಕಂಡು ಗಾಬರಿಯಾಗಬೇಡಿ.

ಬೇರೆ ಊರು, ಬೇರೆ ಮನೆ

ದುರ್ಗದವರಿಗೆ ದಾವಣಗೆರೆ ವಾಸಿಯೆನಿಸುತ್ತದೆ. ಸುಮಾರು 60 ಕಿಲೋಮೀಟರ್ ಆಚೆಯ ಆ ಊರಿನಲ್ಲಿ ಅಗಲವಾದ ರಸ್ತೆಗಳಿವೆ, ದೊಡ್ಡ ಅಂಗಡಿಗಳಿವೆ, ಬೆಣ್ಣೆದೋಸೆಯಂತೂ ಇದ್ದೇ ಇದೆ. ದಾವಣಗೆರೆಯವರನ್ನು ಕೇಳಿದರೆ ಅವರ ಮಾತು ಬೆಂಗಳೂರಿನತ್ತ ಹೊರಳುತ್ತದೆ. ಬೆಂಗಳೂರಿನಲ್ಲಿ ಎರಡು ಕೋಣೆಯ ಮನೆಗೆ ಬಾಡಿಗೆ ಕಟ್ಟಿ ಸುಸ್ತಾದವರು ಊರಿನ ಗಾಳಿ, ಊರಿನ ನೆಮ್ಮದಿ ಎಂದು ದುರ್ಗವನ್ನೇ ನೆನೆಯುತ್ತಾರೆ. ಈ ಚಕ್ರವನ್ನು ಮನಶ್ಶಾಸ್ತ್ರಜ್ಞರು ಅಳೆದು ನೋಡಿದ್ದಾರೆ. 1998ರಲ್ಲಿ ಡೇವಿಡ್ ಷ್ಕೇಡ್ ಮತ್ತು ಡೇನಿಯಲ್ ಕಾಹ್ನೆಮನ್ ಪ್ರಕಟಿಸಿದ ಅಧ್ಯಯನದಲ್ಲಿ, ಹಿತವಾದ ಹವೆಗೆ ಹೆಸರಾದ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳೂ ಕಡು ಚಳಿಯ ಮಧ್ಯಪಶ್ಚಿಮ ಅಮೆರಿಕದ ವಿದ್ಯಾರ್ಥಿಗಳೂ ತಮ್ಮ ಒಟ್ಟು ಬದುಕಿನ ಬಗ್ಗೆ ಹೆಚ್ಚುಕಡಿಮೆ ಒಂದೇ ಮಟ್ಟದ ತೃಪ್ತಿ ಹೇಳಿಕೊಂಡರು. ಆದರೆ ಕ್ಯಾಲಿಫೋರ್ನಿಯಾದವರು ಹೆಚ್ಚು ಸುಖಿಗಳು ಎಂದು ಎರಡೂ ಕಡೆಯವರು ಊಹಿಸಿದ್ದರು. ದೂರದ ಊರನ್ನು ಕಲ್ಪಿಸಿಕೊಳ್ಳುವಾಗ ಎದ್ದು ಕಾಣುವ ಒಂದೇ ವ್ಯತ್ಯಾಸದ ಮೇಲೆ ಗಮನವೆಲ್ಲ ಬೀಳುತ್ತದೆ. ಅಲ್ಲಿಯೂ ಬೆಳಿಗ್ಗೆ ಹಾಲು ತರಬೇಕು, ಪಾತ್ರೆ ತೊಳೆಯಬೇಕು, ಕೆಲಸದ ಜಾಗದ ಕಿರಿಕಿರಿ ಸಹಿಸಬೇಕು ಎಂಬುದು ಆ ಚಿತ್ರದೊಳಗೆ ಬರುವುದಿಲ್ಲ.

ಆದ್ದರಿಂದ ಹೋಲಿಕೆ ಮಾಡಲೇಬೇಕೆನಿಸಿದಾಗ ಮನೆಗೆ ಮನೆಯನ್ನು ಹೋಲಿಸದೆ ದಿನಕ್ಕೆ ದಿನವನ್ನು ಹೋಲಿಸಿ. ತುರುವನೂರು ರಸ್ತೆಯಾಚೆಯ ಹೊಸ ಬಡಾವಣೆಯಲ್ಲಿರುವ ಸ್ನೇಹಿತರ ಮನೆ ಕಣ್ಣು ಕುಕ್ಕುತ್ತಿದ್ದರೆ, ಅವರು ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಏನೇನು ಮಾಡುತ್ತಾರೆ, ಹಾಲಿಗೆ, ಶಾಲೆಗೆ, ತರಕಾರಿಗೆ ಎಷ್ಟು ಸಲ ಗಾಡಿ ತೆಗೆಯುತ್ತಾರೆ ಎಂಬುದನ್ನು ಬರೆದು ನಿಮ್ಮ ದಿನದ ಪಕ್ಕಕ್ಕಿಡಿ. ದೊಡ್ಡಪೇಟೆಯ ಇಕ್ಕಟ್ಟಿನ ಹಳೇ ಮನೆಯಲ್ಲಿದ್ದು ಅಂಗಡಿಗೆ ನಡೆದೇ ಹೋಗಿ ಮಧ್ಯಾಹ್ನ ಮನೆಗೆ ಬಂದು ಬಿಸಿ ಊಟ ಮಾಡುವವರು ತಮ್ಮ ಸ್ಥಿತಿಯನ್ನು ಬಡತನವೆಂದೇ ಎಣಿಸಿರುವುದನ್ನು ಕಂಡಾಗ ನನಗೆ ಆಶ್ಚರ್ಯವಾಗುತ್ತದೆ. ಕೆಲಸಕ್ಕೆ ಹೋಗಿಬರುವ ಪ್ರಯಾಣ ಉದ್ದವಾದಷ್ಟೂ ಬದುಕಿನ ತೃಪ್ತಿ ಇಳಿಯುತ್ತದೆ, ಹೆಚ್ಚಿನ ಸಂಬಳವಾಗಲಿ ಒಳ್ಳೆಯ ಮನೆಯಾಗಲಿ ಆ ನಷ್ಟವನ್ನು ಪೂರ್ತಿ ತುಂಬಿಕೊಡುವುದಿಲ್ಲ ಎಂದು ಅಲೋಯಿಸ್ ಸ್ಟುಟ್ಜರ್ ಮತ್ತು ಬ್ರೂನೊ ಫ್ರೇ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ಅಂಕಿಅಂಶಗಳಿಂದ 2008ರಲ್ಲಿ ತೋರಿಸಿದ್ದಾರೆ. ನಡೆದು ತಲುಪುವ ಅಂತರದಲ್ಲಿ ಕೆಲಸ, ಶಾಲೆ ಮತ್ತು ಸಂತೆ ಇರುವುದು ಮನೆಯ ಗುಣಗಳಲ್ಲೇ ಒಂದು. ಬಾಡಿಗೆಗೆ ಕೊಡುವವರು ಅದನ್ನು ಹೇಳುವುದಿಲ್ಲ, ಇರುವವರು ಎಣಿಸುವುದಿಲ್ಲ.

ಮನೆಯನ್ನು ಅರಿಯುವುದು

ಇಡೀ ವಿಷಯದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವ ಹಂತ ಇದು. ನಾವು ದೂರುವ ಮನೆಯನ್ನು ನಾವು ಸರಿಯಾಗಿ ನೋಡಿಯೇ ಇರುವುದಿಲ್ಲ. ಒಂದು ವಾರ ನೋಟ್‌ಬುಕ್ ಇಟ್ಟುಕೊಂಡು ಯಾವ ಕಿಟಕಿಯಿಂದ ಯಾವ ಹೊತ್ತಿನಲ್ಲಿ ಬಿಸಿಲು ಬರುತ್ತದೆ, ಎಷ್ಟು ಹೊತ್ತಿಗೆ ಹೋಗುತ್ತದೆ, ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ, ನಲ್ಲಿಯಲ್ಲಿ ನೀರು ಯಾವ ದಿನ ಯಾವ ಹೊತ್ತಿಗೆ ಬಂತು, ಸದ್ದು ಎಲ್ಲಿಂದ ಬರುತ್ತದೆ, ಮನೆಯವರು ಸುಮ್ಮನೆ ಕೂರಲು ಯಾವ ಮೂಲೆಯನ್ನು ಆರಿಸಿಕೊಳ್ಳುತ್ತಾರೆ ಎಂಬುದನ್ನೆಲ್ಲ ಬರೆಯಿರಿ. ಟೀಕೆ ಬೇಡ, ಬರೀ ಸಂಗತಿ ಸಾಕು. ವಾರ ಕಳೆಯುವಷ್ಟರಲ್ಲಿ "ಈ ಮನೆ ಕುಲುಮೆ" ಎಂಬ ದೂರು "ಮಧ್ಯಾಹ್ನ 3ರಿಂದ ರಾತ್ರಿ 10ರವರೆಗೆ ಪಡುವಣ ಕೋಣೆ ಮಾತ್ರ ಕಾಯುತ್ತದೆ" ಎಂಬ ವರದಿಯಾಗಿ ಬದಲಾಗಿರುತ್ತದೆ. ಮೊದಲನೆಯದಕ್ಕೆ ಮಾಡುವಂಥದ್ದೇನೂ ಇರಲಿಲ್ಲ. ಎರಡನೆಯದಕ್ಕೆ ಮಾಡುವಂಥದ್ದು ಬಹಳವಿದೆ.

ಬಿಸಿಲನ್ನೇ ತೆಗೆದುಕೊಳ್ಳೋಣ. ಕಾಂಕ್ರೀಟಿನ ತಾರಸಿ ಹಗಲೆಲ್ಲ ಶಾಖ ಹೀರಿ ಕತ್ತಲಾದ ಮೇಲೆ ಅದನ್ನು ಕೆಳಗಿನ ಕೋಣೆಗೆ ಬಿಡುತ್ತದೆ. ಬೆಟ್ಟದ ಬುಡದ ಮನೆಗಳಿಗೆ ಸುತ್ತಲಿನ ಬಂಡೆಗಳೂ ಸಂಜೆ ಅದೇ ಕೆಲಸ ಮಾಡುತ್ತವೆ. ಫ್ಯಾನು ಆ ಬಿಸಿಗಾಳಿಯನ್ನೇ ತಿರುಗಿಸುತ್ತದೆ. ಇದನ್ನು ತಡೆಯುವ ಅಗ್ಗದ ದಾರಿಯೆಂದರೆ ಫೆಬ್ರವರಿ ಕಳೆಯುವುದರೊಳಗೆ ಮಾಲೀಕರ ಒಪ್ಪಿಗೆ ಪಡೆದು ತಾರಸಿಗೆ ಸುಣ್ಣ ಬಳಿಯುವುದು. ಸುಣ್ಣವನ್ನು ರಾತ್ರಿಯೇ ನೀರಿನಲ್ಲಿ ಅರಳಿಸಿ, ಸೋಸಿ, ಹಿಡಿತಕ್ಕೆ ಸ್ವಲ್ಪ ಅಂಟು ಅಥವಾ ಗಂಜಿ ಬೆರೆಸಿ, ಒಂದು ಕೋಟು ಒಣಗಿದ ಮೇಲೆ ಇನ್ನೊಂದರಂತೆ ಎರಡು ಮೂರು ಕೋಟು ಹೊಡೆಯಬೇಕು. ಸುಣ್ಣ ಅರಳುವಾಗ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಅಪಾಯ. ಮಕ್ಕಳನ್ನು ದೂರವಿಡಿ, ಕನ್ನಡಕ ಹಾಕಿಕೊಳ್ಳಿ. ಬಿಳಿಯ ಮೇಲ್ಮೈ ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುವುದರಿಂದ ಕೆಳಗಿನ ಕೋಣೆಯ ಕಾವು ತಗ್ಗುತ್ತದೆ. ಪಡುವಣ ಕಿಟಕಿಗೆ ಒಳಗೆ ಪರದೆ ಹಾಕುವುದಕ್ಕಿಂತ ಹೊರಗೆ ಬಿದಿರಿನ ತಟ್ಟಿ ಅಥವಾ ಗೋಣಿತಾಟು ಕಟ್ಟುವುದು ಒಳ್ಳೆಯದು. ಗಾಜು ದಾಟಿ ಬಂದ ಶಾಖವನ್ನು ಒಳಗಿನ ಪರದೆ ಹೊರಗೆ ಕಳಿಸಲಾರದು. ಬೆಳಿಗ್ಗೆ 9ರ ಹೊತ್ತಿಗೆ ಕಿಟಕಿಗಳನ್ನು ಮುಚ್ಚಿ, ಹೊರಗಿನ ಗಾಳಿ ತಂಪಾದ ಮೇಲೆ ಎದುರುಬದುರು ಕಿಟಕಿಗಳನ್ನು ತೆರೆದು, ಒಂದು ಟೇಬಲ್ ಫ್ಯಾನನ್ನು ಕಿಟಕಿಯತ್ತ ಮುಖ ಮಾಡಿ ಇಟ್ಟರೆ ಅದು ಒಳಗಿನ ಬಿಸಿಯನ್ನು ಹೊರಕ್ಕೆ ನೂಕುತ್ತದೆ.

ಗಾಳಿಯ ವಿಷಯದಲ್ಲಿ ದುರ್ಗ ಅದೃಷ್ಟದ ಊರು. ಸುತ್ತಲಿನ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತಿರುವ ಗಾಳಿಯಂತ್ರಗಳನ್ನು ನೋಡಿದರೆ ಅದನ್ನು ಬೇರೆ ಹೇಳಬೇಕಾಗಿಲ್ಲ. ಕಂಪನಿಗಳು ಲೆಕ್ಕ ಹಾಕಿ ಹಣ ಹೂಡಿದ ಗಾಳಿಯನ್ನು ನಾವು ಧೂಳೆಂದು ಬೈದು ಕಿಟಕಿ ಮುಚ್ಚಿಕೊಳ್ಳುತ್ತೇವೆ. ಆಷಾಢದಲ್ಲಿ ಪಡುವಣದ ಗಾಳಿ ಜೋರಾದಾಗ ಆ ಕಡೆಯ ಕಿಟಕಿಗೆ ಒದ್ದೆ ಮಾಡಿದ ತೆಳು ಹತ್ತಿಬಟ್ಟೆ ಕಟ್ಟಿ ಮೂಡಣದ ಕಿಟಕಿ ತೆರೆದಿಟ್ಟರೆ ಧೂಳಿನ ಬಹುಪಾಲು ಬಟ್ಟೆಯಲ್ಲೇ ನಿಲ್ಲುತ್ತದೆ. ಬಟ್ಟೆಯನ್ನು ದಿನಕ್ಕೊಮ್ಮೆ ಜಾಲಾಡಬೇಕಾಗುವುದು ನಿಜ.

ನೀರಿನ ಸರದಿ ತರುವ ಸಂಕಟದಲ್ಲಿ ಕೊರತೆಗಿಂತ ಅನಿಶ್ಚಿತತೆಯ ಪಾಲೇ ದೊಡ್ಡದು. ಯಾವಾಗ ಬರುತ್ತದೋ ಎಂದು ನಲ್ಲಿಗೆ ಕಿವಿಯಿಟ್ಟು ಕಾಯುವುದು ಮನೆಯ ಹೆಂಗಸರ ನಿದ್ದೆಯನ್ನು ತಿನ್ನುತ್ತದೆ, ಗಂಡಸರು ಅದನ್ನು ಗಮನಿಸುವುದು ಕಡಿಮೆ. ನೀರು ಬಂದ ದಿನ ಮತ್ತು ಹೊತ್ತನ್ನು ಕ್ಯಾಲೆಂಡರಿನಲ್ಲಿ ಗುರುತಿಸುತ್ತ ಬಂದರೆ ತಿಂಗಳೊಳಗೆ ಒಂದು ಕ್ರಮ ಕಾಣುತ್ತದೆ. ಎರಡು ಸರದಿಗಳ ನಡುವಿನ ಅತಿ ಉದ್ದದ ಅಂತರಕ್ಕೆ ಎಷ್ಟು ಕೊಡ ಬೇಕೆಂದು ಲೆಕ್ಕ ಹಾಕಿ ಅಷ್ಟಕ್ಕೆ ಡ್ರಮ್ಮು ಇಟ್ಟುಕೊಂಡರೆ ಕಾಯುವ ಕೆಲಸ ನಿಲ್ಲುತ್ತದೆ. ನೀರು ಹಿಡಿಯುವ ಸರದಿಯನ್ನು ಮನೆಯ ಎಲ್ಲರಿಗೂ ಹಂಚುವುದು ಇದರ ಜೊತೆಗೇ ಆಗಬೇಕು. ಈ ಊರಿಗೆ ಇದು ಹೊಸ ವಿದ್ಯೆಯಲ್ಲ. ನದಿಯಿಲ್ಲದ ಬಂಡೆಬೆಟ್ಟದ ಮೇಲೆ ಕೋಟೆ ಕಟ್ಟಿಕೊಂಡವರು ಮಳೆನೀರು ಹರಿಯುವ ಇಳಿಜಾರನ್ನು ನೋಡಿ, ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ಎಂದು ಮೇಲಿನಿಂದ ಕೆಳಗೆ ಹೊಂಡಗಳನ್ನು ಜೋಡಿಸಿ, ಒಂದು ತುಂಬಿ ಉಕ್ಕಿದ್ದು ಇನ್ನೊಂದಕ್ಕೆ ಇಳಿದು ಕೊನೆಗೆ ಊರೊಳಗಿನ ಸಂತೆ ಹೊಂಡ ಸೇರುವಂತೆ ಮಾಡಿದರು. ಇತ್ತ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟೂ ವರ್ಷ ಹಿರಿಯೂರಿನವರು ತೆಂಗು ಬೆಳೆದದ್ದು ಪೂರ್ತಿ ತುಂಬದ ಜಲಾಶಯವನ್ನು ನೆಚ್ಚಿಯೇ.

ಯಾವುದಕ್ಕೆ ಒಗ್ಗುತ್ತೇವೆ, ಯಾವುದಕ್ಕೆ ಒಗ್ಗುವುದಿಲ್ಲ

ಹೊಸದಾಗಿ ಹಾಕಿಸಿದ ಟೈಲ್ಸು, ಫಾಲ್ಸ್ ಸೀಲಿಂಗು, ಮಾಡ್ಯುಲರ್ ಕಿಚನ್ನು ಕೊಡುವ ಸಂತೋಷ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಒಳ್ಳೆಯದಕ್ಕೂ ಕೆಟ್ಟದಕ್ಕೂ ಮನುಷ್ಯ ಒಗ್ಗಿಹೋಗಿ ತನ್ನ ಹಿಂದಿನ ಮಟ್ಟಕ್ಕೇ ಮರಳುತ್ತಾನೆ ಎಂಬ ಈ ಸಂಗತಿಯನ್ನು ಫಿಲಿಪ್ ಬ್ರಿಕ್‌ಮನ್ ಮತ್ತು ಡೊನಾಲ್ಡ್ ಕ್ಯಾಂಪ್‌ಬೆಲ್ 1971ರಲ್ಲೇ ವಿವರಿಸಿದ್ದರು. ಮನೆ ಚಿಕ್ಕದೆಂಬ ಬೇಸರವೂ ಹೀಗೆಯೇ ಕಾಲಕ್ರಮದಲ್ಲಿ ಮಾಸುವಂಥದ್ದು. ಆದರೆ ಸದ್ದಿಗೆ ಈ ನಿಯಮ ಸರಿಯಾಗಿ ಅನ್ವಯಿಸುವುದಿಲ್ಲ. ಅಮೆರಿಕದಲ್ಲಿ ಹೊಸದಾಗಿ ತೆರೆದ ಹೆದ್ದಾರಿಯ ಬದಿಯ ನಿವಾಸಿಗಳನ್ನು ನೀಲ್ ವೈನ್‌ಸ್ಟೀನ್ ಕೆಲವು ತಿಂಗಳ ನಂತರ ಒಮ್ಮೆ, ಒಂದು ವರ್ಷಕ್ಕೂ ಹೆಚ್ಚು ಕಾಲದ ನಂತರ ಇನ್ನೊಮ್ಮೆ ಕೇಳಿದಾಗ ಅವರ ಕಿರಿಕಿರಿ ಕಡಿಮೆಯಾಗಿರಲಿಲ್ಲ. ಇದರಿಂದ ಹೊರಡುವ ಸೂಚನೆ ಸ್ಪಷ್ಟವಾಗಿದೆ: ಕೈಯಲ್ಲಿರುವ ಸ್ವಲ್ಪ ಹಣವನ್ನು ಅಂದಕ್ಕೆ ಸುರಿಯುವ ಮೊದಲು ಸದ್ದಿಗೆ ಮತ್ತು ನಿದ್ದೆಗೆ ಖರ್ಚು ಮಾಡಿ. ಪುಣೆ–ಬೆಂಗಳೂರು ಹೆದ್ದಾರಿಯ ಕಡೆಗೋ ಕಲ್ಯಾಣ ಮಂಟಪದ ಕಡೆಗೋ ಮುಖ ಮಾಡಿರುವ ಕೋಣೆಯಿಂದ ಮಂಚವನ್ನು ಹಿಂದಿನ ಕೋಣೆಗೆ ಸರಿಸುವುದಕ್ಕೆ ಕಾಸೂ ಬೇಕಾಗಿಲ್ಲ. ಕಿಟಕಿಯ ಸಂದುಗಳಿಗೆ ರಬ್ಬರ್ ಪಟ್ಟಿ ಹಚ್ಚುವುದು, ಆ ಗೋಡೆಗೆ ಬಟ್ಟೆ ಮತ್ತು ಪುಸ್ತಕ ತುಂಬಿದ ಬೀರು ಒರಗಿಸುವುದು ಸ್ವಲ್ಪ ನೆರವಾಗುತ್ತದೆ. "ಡ್ರಾಯಿಂಗ್ ರೂಮ್ ಮುಂದೆಯೇ ಇರಬೇಕು" ಎಂಬ ಹಟವನ್ನು ಬಿಟ್ಟರೆ ಅನೇಕ ಮನೆಗಳಲ್ಲಿ ರಾತ್ರಿಯ ನಿದ್ದೆ ಮರಳಿ ಬರುತ್ತದೆ.

ಒಳ್ಳೆಯದಕ್ಕೆ ಒಗ್ಗಿಹೋಗುವುದನ್ನು ನಿಧಾನಗೊಳಿಸಲು ಬರೆದಿಡುವ ಅಭ್ಯಾಸ ಸಹಾಯ ಮಾಡುತ್ತದೆ. ಕೃತಜ್ಞರಾಗಿರುವ ಸಂಗತಿಗಳನ್ನು ಬರೆದಿಟ್ಟವರು ತೊಂದರೆಗಳನ್ನು ಬರೆದಿಟ್ಟವರಿಗಿಂತ ತಮ್ಮ ಬದುಕಿನ ಬಗ್ಗೆ ಒಳ್ಳೆಯ ಭಾವನೆ ಹೊಂದಿದ್ದರೆಂದು ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ 2003ರಲ್ಲಿ ವರದಿ ಮಾಡಿದ್ದಾರೆ. ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಸಂಗಡಿಗರ ಪ್ರಯೋಗದಲ್ಲಿ ವಾರಕ್ಕೆ ಮೂರು ಸಲ ಬರೆದವರಿಗಿಂತ ಒಮ್ಮೆ ಬರೆದವರಿಗೇ ಹೆಚ್ಚು ಪ್ರಯೋಜನವಾಯಿತು. ದಿನವೂ ಮಾಡಿದರೆ ಅದೂ ಹಲ್ಲುಜ್ಜುವಂಥ ಕೆಲಸವಾಗಿಬಿಡುತ್ತದೆ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ವಾರಕ್ಕೊಂದು ದಿನ ಸಾಕು, ಆದರೆ ಬರೆಯುವುದು ನಿರ್ದಿಷ್ಟವಾಗಿರಲಿ. "ನೆರೆಯವರು ಒಳ್ಳೆಯವರು" ಎಂದರೆ ಏನೂ ಬರೆದಂತಾಗಲಿಲ್ಲ. "ಮಂಗಳವಾರ ನಾವು ಬರುವುದು ತಡವಾದಾಗ ಕೆಳಗಿನ ಮನೆಯವರು ಮಗಳನ್ನು ಕರೆದು ಅವಲಕ್ಕಿ ಕೊಟ್ಟು ಕೂರಿಸಿಕೊಂಡಿದ್ದರು" ಎಂದರೆ ಬರೆದಂತೆ. ಬರೆಯುವಂಥದ್ದು ಏನೂ ಹೊಳೆಯದ ವಾರ ಬರೆಯಬೇಡಿ, ಸುಳ್ಳು ಸಂತೋಷವನ್ನು ಕಾಗದದ ಮೇಲೂ ತೋರಿಸಿಕೊಳ್ಳಬೇಕಾಗಿಲ್ಲ.

ಬಾಯಿಮಾತು

ನೆಂಟರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ "ಮನೆ ಚಿಕ್ಕದು, ಏನೂ ಅಂದುಕೊಳ್ಳಬೇಡಿ" ಎನ್ನುವುದು ನಮ್ಮಲ್ಲಿ ವಿನಯವೆನಿಸಿಕೊಂಡಿದೆ. ಬಂದವರು ಆ ಮಾತನ್ನು ಮರೆಯುತ್ತಾರೆ, ಮನೆಯ ಮಕ್ಕಳು ಮರೆಯುವುದಿಲ್ಲ. ತಾವಿರುವ ಜಾಗ ಕ್ಷಮೆ ಕೇಳಬೇಕಾದ ಜಾಗವೆಂದು ಅವರು ಕಲಿಯುತ್ತಾರೆ, ಗೆಳೆಯರನ್ನು ಮನೆಗೆ ಕರೆತರಲು ಹಿಂಜರಿಯುತ್ತಾರೆ. ಒಪ್ಪಂದದ ಅವಧಿಯಲ್ಲಿ ಈ ಒಂದು ವಾಕ್ಯವನ್ನು ಬಿಟ್ಟುಬಿಡಿ. ಅದರ ಜಾಗದಲ್ಲಿ "ಬನ್ನಿ, ಈ ಕಡೆ ಗಾಳಿ ಚೆನ್ನಾಗಿ ಬರುತ್ತದೆ, ಇಲ್ಲಿ ಕೂತುಕೊಳ್ಳಿ" ಎಂದರೆ ಸಾಕು. ನಿಜವಲ್ಲದ ಹೊಗಳಿಕೆ ಬೇಕಾಗಿಲ್ಲ.

ಮಾಲೀಕರೊಂದಿಗಿನ ಮಾತು ಇದಕ್ಕೆ ತಿರುಗಾಮುರುಗಾ. ಮನೆಯೊಳಗೆ ಹತ್ತು ಸಲ ಗೊಣಗಿ ಅವರ ಮುಂದೆ ಮೌನವಾಗಿರುವುದು ವಾಡಿಕೆ. ಸೋರುವ ಜಾಗದ ಫೋಟೋ ತೆಗೆದು, ಒಂದು ಸಂದೇಶದಲ್ಲಿ ಒಂದೇ ವಿಷಯ ಬರೆದು, ಖರ್ಚಿನ ಅಂದಾಜು ಸೇರಿಸಿ, ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೇ ಎಂದು ಕೇಳಿ. ಆರು ದೂರುಗಳನ್ನು ಒಟ್ಟಿಗೆ ಹೇಳಿದರೆ ಒಂದೂ ಆಗುವುದಿಲ್ಲ.

ಊರು ಬಿಟ್ಟು ಬಂದ ಹಿರಿಯರು

ಮೊಳಕಾಲ್ಮೂರು, ಹೊಸದುರ್ಗ, ಚಳ್ಳಕೆರೆ ಕಡೆಯ ಹಳ್ಳಿಗಳಿಂದ ಮಕ್ಕಳ ಮನೆಗೆ ಬಂದು ನೆಲೆಸಿದ ತಂದೆತಾಯಂದಿರಿಗೆ ಮೇಲಿನ ಸಲಹೆಗಳಲ್ಲಿ ಅರ್ಧ ತಾಗುವುದೇ ಇಲ್ಲ. ಅವರು ಕಳೆದುಕೊಂಡದ್ದು ಮನೆಯ ವಿಸ್ತಾರವನ್ನಲ್ಲ. ಜಗಲಿಯ ಮೇಲೆ ಕೂತರೆ ಹೋಗುವವರು ಬರುವವರು ಮಾತಾಡಿಸುತ್ತಿದ್ದರು, ಮಳೆ ಯಾವಾಗ ಬಂದೀತೆಂದು ಅವರನ್ನು ಕೇಳುತ್ತಿದ್ದರು, ದನಕ್ಕೆ ಮೇವು ಹಾಕುವ ಹೊತ್ತನ್ನು ಅವರೇ ನಿರ್ಧರಿಸುತ್ತಿದ್ದರು. ಇಲ್ಲಿ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿ, ಟಿವಿ, ಊಟ ಎಲ್ಲವೂ ಸಿಗುತ್ತದೆ. ಅವರ ಮಾತಿನಂತೆ ನಡೆಯುವುದು ಮಾತ್ರ ಯಾವುದೂ ಇರುವುದಿಲ್ಲ. "ಎಲ್ಲ ಅನುಕೂಲ ಇದೆಯಲ್ಲ, ಸಂತೋಷವಾಗಿರಿ" ಎಂದು ಅವರಿಗೆ ಹೇಳುವ ಮೊದಲು ಮನೆಯ ಒಂದು ಅಧಿಕಾರವನ್ನು ಅವರಿಗೆ ಬಿಟ್ಟುಕೊಡಿ. ತರಕಾರಿ ತರುವುದೋ, ತಾರಸಿಯ ಕುಂಡಗಳೋ, ಶುದ್ಧ ನೀರಿನ ಕ್ಯಾನಿನ ಲೆಕ್ಕವೋ, ಮೊಮ್ಮಗನನ್ನು ಶಾಲೆಯಿಂದ ಕರೆತರುವುದೋ, ಯಾವುದಾದರೂ ಸರಿ, ಒಮ್ಮೆ ಕೊಟ್ಟ ಮೇಲೆ ನಡುವೆ ಬಾಯಿ ಹಾಕಬೇಡಿ. ಅವರು ಕೊತ್ತಂಬರಿಗೆ ನಾಲ್ಕು ರೂಪಾಯಿ ಹೆಚ್ಚು ಕೊಟ್ಟು ಬಂದರೂ ಸುಮ್ಮನಿರಿ.

ಕೂರಲು ಕಟ್ಟೆ ಹುಡುಕಿಕೊಡುವುದು ಎರಡನೆಯ ಕೆಲಸ. ಬೀದಿಯ ಅಂಗಡಿಯ ಬೆಂಚು, ದೇವಸ್ಥಾನದ ಪ್ರಾಂಗಣ, ವಾಚನಾಲಯ, ಎಲ್ಲಾದರೂ ದಿನಾ ಅದೇ ಹೊತ್ತಿಗೆ ಹೋದರೆ ಅಲ್ಲೊಂದು ಪರಿಚಯದ ಬಳಗ ಕಟ್ಟಿಕೊಳ್ಳುತ್ತದೆ. ಆರಂಭದ ಕೆಲವು ದಿನ ಮಗನೋ ಸೊಸೆಯೋ ಜೊತೆಗೆ ಹೋಗಿಬರುವುದು ಅಗತ್ಯ. ಅರವತ್ತೈದರ ಮೇಲೆ ಒಬ್ಬರೇ ಹೊಸ ಜಾಗಕ್ಕೆ ಹೋಗಿ ಕೂರುವುದು ಸುಲಭವಲ್ಲ. ಹಿರಿಯರ ಕಷ್ಟಗಳಿಗಾಗಿಯೇ 14567 ಎಂಬ ಸಹಾಯವಾಣಿಯೂ ಇದೆ.

ಗೋಡೆಯಾಚೆಯ ಮನೆ

ಇಕ್ಕಟ್ಟಿನ ಮನೆಯಲ್ಲಿರುವವರು ಹೊರಗಿನ ಜಾಗವನ್ನು ತಮ್ಮ ವಾಸದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಚಂದ್ರವಳ್ಳಿಯ ಕೆರೆ ಊರಿಗೆ ಅಂಟಿಕೊಂಡೇ ಇದೆ. ಅಲ್ಲಿ ಕೆರೆ ಕಟ್ಟಿಸಿದ್ದನ್ನು ಕದಂಬರ ಮಯೂರಶರ್ಮ ಬಂಡೆಯ ಮೇಲೆ ಶಾಸನವಾಗಿ ಬರೆಸಿದ್ದಾನೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದ ಜಾಗವೂ ಅದೇ. ಜೋಗಿಮಟ್ಟಿಯ ಏರು, ಕೋಟೆಯ ಬತೇರಿಗಳು ಇವೆಲ್ಲ ಪ್ರವಾಸಿಗಳಿಗೆ ಎಂದು ಬಿಟ್ಟುಕೊಟ್ಟು ಹತ್ತು ವರ್ಷದಿಂದ ಆ ಕಡೆ ಹೋಗದ ಸ್ಥಳೀಯರು ಬಹಳ ಮಂದಿ ಇದ್ದಾರೆ. ವಾರದಲ್ಲಿ ಒಂದು ಸಂಜೆಯನ್ನು ಇದಕ್ಕೆಂದೇ ಗೊತ್ತುಮಾಡಿ, ಮನೆಯ ಜಗಳಗಳು ಎದ್ದೇಳುವ ಹೊತ್ತು ಯಾವುದೋ ಆ ಹೊತ್ತನ್ನೇ ಆರಿಸಿಕೊಳ್ಳಿ. ಬೇಸಿಗೆಯಲ್ಲಿ ಅದು ಸಾಮಾನ್ಯವಾಗಿ ತಾರಸಿ ಕಾದು ಎಲ್ಲರ ತಲೆಯೂ ಕಾದಿರುವ ಸಂಜೆ 6ರ ಹೊತ್ತು.

ಅವಧಿ ಮುಗಿದಾಗ

ಹತ್ತನೆಯ ತಿಂಗಳಲ್ಲಿ ಮೊದಲ ಪಟ್ಟಿಯನ್ನು ತೆಗೆದು ಒಂದೊಂದೇ ದೂರಿನ ಮುಂದೆ ಈಗಿನ ಸ್ಥಿತಿ ಬರೆಯಿರಿ. ಕೆಲವು ಪರಿಹಾರವಾಗಿರುತ್ತವೆ, ಕೆಲವು ನೆನಪೇ ಇರುವುದಿಲ್ಲ, ಇನ್ನು ಕೆಲವು ಇದ್ದಲ್ಲೇ ಇರುತ್ತವೆ. ಇದ್ದಲ್ಲೇ ಇರುವವು ನಿದ್ದೆ, ಆರೋಗ್ಯ ಅಥವಾ ಮಕ್ಕಳ ಓದಿಗೆ ತಾಗುವಂಥವಾದರೆ ಮನೆ ಬದಲಿಸುವುದೇ ಸರಿ, ಅದರಲ್ಲಿ ಸೋಲೇನೂ ಇಲ್ಲ. ಬೇರೆಯವರ ಕಣ್ಣಿಗೆ ಮನೆ ಹೇಗೆ ಕಾಣುತ್ತದೆ ಎಂಬುದಷ್ಟೇ ಉಳಿದಿದ್ದರೆ ಇನ್ನೊಂದು ಅವಧಿಗೆ ಸಹಿ ಹಾಕಬಹುದೆಂಬುದು ನನ್ನ ಸಲಹೆ.

ಬದಲಿಸುವುದೆಂದು ತೀರ್ಮಾನಿಸಿದವರಿಗೆ ಈ ವೇಳೆಗೆ ಯಾವ ಬ್ರೋಕರನಿಗೂ ಗೊತ್ತಿರದಷ್ಟು ವಿಷಯ ಗೊತ್ತಿರುತ್ತದೆ. ಹೊಸ ಮನೆಯನ್ನು ಬೆಳಗಿನ ತಂಪಿನಲ್ಲಿ ನೋಡದೆ ಮಧ್ಯಾಹ್ನ 4ಕ್ಕೆ ಹೋಗಿ ಪಡುವಣ ಗೋಡೆಗೆ ಅಂಗೈ ಇಟ್ಟು ನೋಡಿ. ರಾತ್ರಿ 9ಕ್ಕೆ ಇನ್ನೊಮ್ಮೆ ಹೋಗಿ ಐದು ನಿಮಿಷ ಮಾತಿಲ್ಲದೆ ನಿಂತು ಯಾವ ಸದ್ದು ಕೇಳುತ್ತದೆಂದು ಗಮನಿಸಿ. ನೀರಿನ ಸರದಿಯನ್ನು ಮಾಲೀಕರ ಬದಲು ಪಕ್ಕದ ಮನೆಯಲ್ಲಿ ಕೊಡ ತೊಳೆಯುತ್ತಿರುವವರನ್ನು ಕೇಳಿ. ಕೆಲಸದ ಜಾಗಕ್ಕೆ ಅಲ್ಲಿಂದ ಒಂದು ಸಲ ನಡೆದು ನೋಡಿ. ಬಾಗಿಲ ಬಳಿ ನಿಮ್ಮ ತಾಯಿಗೆ ಕೂರಲು ಜಾಗವಿದೆಯೇ ನೋಡಿ. ಇಷ್ಟಾದ ಮೇಲೆ ಮುಂಗಡದ ಮಾತೆತ್ತಬಹುದು.